ಮಗ್ಗದ ಮೇಲಿನ ಹಸಿರು ಸೀರೆ

೧೪-೮-೧೯೮೪, ಮಂಗಳವಾರ. ಇಳಕಲ್ಲ

ಅತ್ತೆಯ ಮಗ್ಗದ ಸದ್ದು ಇನ್ನೂ ನಿಂತಿಲ್ಲ.

ನಾಲ್ಕು ವರ್ಷ ಹುಬ್ಬಳ್ಳಿ ಡಾಕ್ಟರರ ಗುಳಿಗೆ, ಇಂಜೆಕ್ಷನ್ನು. ಕೊನೆಗೂ ನಿಂತಿದ್ದ ಬಸಿರು ಹತ್ತನೇ ವಾರಕ್ಕೆ, ಇವತ್ತು ಬೆಳಿಗ್ಗೆ, ಹೋಯಿತು. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದಿತ್ತು. ಹೋದ ವಾರ ನಾನೇ ತಡೆಯಲಾರದೆ ಅತ್ತೆಗೆ ಹೇಳಿದ್ದೆ. ಮರುದಿನವೇ ಅವರು ನನ್ನ ಸೀಮಂತದ ಕುಬಸಕ್ಕೆಂದು ಹಸಿರು ಸೀರೆ ನೇಯಲು ಕೂತಿದ್ದರು.

ಸಂಜೆ ಸಿಟ್ಟಿನಿಂದ ಹೋಗಿ, "ಕೊಯ್ದು ಒಗೀರಿ ಅದನ್ನ," ಅಂದೆ.

"ಅರ್ಧಕ್ಕ ಕೊಯ್ಯಬಾರದವ್ವಾ. ಮುಗಿಸಿ ಮಾರಿಬಿಡ್ತೇನಿ. ಯಾರರ ಬಸುರಿ ಉಟ್ಕೊಳ್ಳಲಿ."

ಹಸಿರಿನ ಮೇಲೆ ಕಣ್ಣೀರು ಬೀಳದಂತೆ ಮುಖ ಆಚೆ ತಿರುಗಿಸಿಕೊಂಡೇ ಲಾಳಿ ಎಸೆಯುತ್ತಿದ್ದರು.

ಇನ್ನು ಸೆರಗಷ್ಟೇ ಬಾಕಿ. ಬೇಗ ಮುಗಿಯಲಿ ಅನಿಸುತ್ತದೆ. ಮುಗಿಯದಿರಲಿ ಅಂತಲೂ. ಅದೂ ಮಾರಿಹೋದರೆ, ಹತ್ತು ವಾರ ನನ್ನೊಳಗೆ ಒಂದು ಜೀವ ಇತ್ತು ಎನ್ನುವುದಕ್ಕೆ ಈ ಮನೆಯಲ್ಲಿ ಬೇರೆ ಗುರುತೇ ಉಳಿಯುವುದಿಲ್ಲ.