ನಾಲ್ಕನೇ ನಿಮಿಷದ ಒಂದು

ಜನವರಿ 20, ಸೋಮವಾರ

ಮಷಿನ್ ಶಾಪಿನಿಂದ ನಲವತ್ತು ಉಕ್ಕಿನ ಪಿನ್ ಬಂದಿದ್ದವು. ಹನ್ನೊಂದು ವಾಪಸ್. ಅದರಲ್ಲಿ ಮೂರು ರಿಪೇರಿಗೂ ಲಾಯಕ್ಕಿಲ್ಲ — ಸೀಮೆಸುಣ್ಣದಲ್ಲಿ ಐದು ಅಂತ ಬರೆದು ಸ್ಕ್ರ್ಯಾಪ್ ತೊಟ್ಟಿಗೆ ಹಾಕಿದೆ. ಮಷಿನ್ ಶಾಪಿನವನು ಮುಖ ಊದಿಸಿಕೊಂಡು ಹೋದ. ಊದಿಸಿಕೊಳ್ಳಲಿ. ಇಪ್ಪತ್ತೆರಡು ವರ್ಷದಿಂದ ಈ ಫ್ಯಾಕ್ಟರಿಯ ಇನ್‌ಸ್ಪೆಕ್ಷನ್ ಟೇಬಲ್ಲಿನಲ್ಲಿದ್ದೇನೆ. ಗೇಜು ಇಡದೆ ಯಾವ ಪೀಸಿಗೂ ಅಂಕ ಹಾಕಿದವಳಲ್ಲ.

ಸಂಜೆ ಏಳೂವರೆಗೆ ಕ್ಯಾಮೆರಾ ಬಳಗದ ಸೈಟಿಗೆ ಫೋಟೋ ಹಾಕಿದೆ. ಊರಿಗಾಂ ಸ್ಟೇಷನ್ನಿನ ಬೆಂಚು, ಮೇಲೆ ಯಾರೋ ಮರೆತುಹೋದ ಟಿಫನ್ ಕ್ಯಾರಿಯರ್. ನಾಲ್ಕನೇ ನಿಮಿಷಕ್ಕೆ ಒಂದು ಬಿತ್ತು. ಐದು ಅಂಕಕ್ಕೆ ಒಂದೇ ಅಂಕ. ಇದು ಆರನೇ ಸಲ. ಆಮೇಲೆ ಬಂದವರು ನಾಲ್ಕು ಒತ್ತಲಿ, ಐದು ಒತ್ತಲಿ, ಸರಾಸರಿ ಮೇಲೇಳುವುದಿಲ್ಲ. ಯಾವ ಅಂಕ ಬಿತ್ತು ಅಂತ ಸೈಟು ತೋರಿಸುತ್ತದೆ, ಯಾರು ಒತ್ತಿದರು ಅಂತ ತೋರಿಸುವುದಿಲ್ಲ. ಹೇಡಿಗಳಿಗೆ ಎಂಥ ಅನುಕೂಲ.

ಜನವರಿ 21

ಇವರಿಗೆ ಹೇಳಿದೆ. ಆಂಜನಪ್ಪನವರು ಮುದ್ದೆ ಮುರಿಯುತ್ತಲೇ ಕೇಳಿದರು, "ಅಲ್ಲ ಕಣೇ, ಒಂದು ಬಿದ್ರೆ ಏನ್ ಕಿತ್ಕೊಂಡ್ ಓಯ್ತದೆ? ನಿನ್ ಪ್ರಮೋಷನ್ನಾ?"

ಗಂಡನಿಗೆ ಇದನ್ನೆಲ್ಲ ಹೇಗೆ ಹೇಳುವುದು. ಫೆಬ್ರವರಿ 23ರ ಸಂಜೆ ಆರಕ್ಕೆ ಸ್ಪರ್ಧೆ ಮುಗಿಯುತ್ತದೆ. ಒಬ್ಬರಿಗೆ ಒಂದೇ ಫೋಟೋ. ಸರಾಸರಿಯಲ್ಲಿ ಮೊದಲ ಹನ್ನೆರಡನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಬಂಗಾರಪೇಟೆಯ ಸಮುದಾಯ ಭವನದಲ್ಲಿ ನೇತುಹಾಕುತ್ತಾರೆ, ಕೆಳಗೆ ತೆಗೆದವರ ಹೆಸರು. ಜೀವಮಾನವೆಲ್ಲ ಬೇರೆಯವರ ಕೆಲಸ ಪಾಸು ಮಾಡಿದ್ದೇ ಆಯಿತು. ನನ್ನದನ್ನು ಯಾರಾದರೂ ಒಮ್ಮೆ ಪಾಸು ಮಾಡಬೇಡವಾ. ಕೆಲಸ ಕಲಿಸಿದ ಸೊಣ್ಣಪ್ಪನವರು ಕೂಡ ನನ್ನ ರಿಪೋರ್ಟಿನ ಮೇಲೆ ಎರಡು ಬಿಟ್ಟು ಬೇರೆ ಬರೆಯಲಿಲ್ಲ. ರಿಟೈರ್ ಆದ ದಿನವೂ ಎರಡು.

ಹೊಸ ವರ್ಷದ ದಿನ ನಾಚಿಕೆ ಬಿಟ್ಟು ಫೋನಿನಲ್ಲಿದ್ದವರಿಗೆಲ್ಲ ಲಿಂಕ್ ಕಳಿಸಿದ್ದೆ. ಪೇಪರಿನವನಿಂದ ಹಿಡಿದು ಸೊಣ್ಣಪ್ಪನವರ ತನಕ. ನನ್ನ ಫೋಟೋ ನೋಡಿ, ಅಂಕ ಹಾಕಿ ಅಂತ. ಪೇಪರಿನವನು ಒಂದು ಹೆಬ್ಬೆಟ್ಟು ಕಳಿಸಿದ. ಉಳಿದವರದು ಉತ್ತರವೇ ಇಲ್ಲ. ಇರಲಿ, ಗೊತ್ತಾಯಿತು.

ಜನವರಿ 26, ಭಾನುವಾರ

ಫ್ಯಾಕ್ಟರಿಯಲ್ಲಿ ಧ್ವಜ, ಭಾಷಣ, ಲಾಡು. ಹತ್ತಕ್ಕೆ ಮನೆ. ಹನ್ನೊಂದರ ಹೊತ್ತಿಗೆ ಗಾಳಿ ಎದ್ದಿತು. ಚಿನ್ನದ ಗಣಿಯವರು ಸುರಿದು ಹೋದ ಸೈನೈಡ್ ದಿಬ್ಬದ ಬಿಳಿ ಧೂಳೆಲ್ಲ ನಮ್ಮ ಲೈನಿನ ಮನೆಗಳ ಮೇಲೆ. ಪಕ್ಕದ ಮನೆ ಸೆಲ್ವಿ ನೀರಿನ ಕೊಡಗಳ ಬಾಯಿಗೆ ಒದ್ದೆ ಬಟ್ಟೆ ಕಟ್ಟುತ್ತಿದ್ದಳು. ಸೆರಗಿನ ತುದಿ ಹಲ್ಲಲ್ಲಿ, ಕಣ್ಣು ಅರ್ಧ ಮುಚ್ಚಿ. ಹಿಂದೆ ದಿಬ್ಬ ಹೊಗೆಯಾಡುತ್ತಿತ್ತು. ಕ್ಯಾಮೆರಾ ತಂದೆ.

"ಬೇಡಕ್ಕಾ, ತಲೆ ಕೂಡ ಬಾಚಿಲ್ಲ."

"ಅಂಗೇ ಇರು. ಕೊಡ ನೋಡು, ನನ್ನ ನೋಡ್ಬೇಡ."

"ಫೋಟೋ ಸಾಕಕ್ಕಾ. ಆ ತುದಿ ಇಡ್ಕೋ ಬಾ, ದೂಳು ಬೀಳ್ತೈತೆ."

ಆರು ತೆಗೆದು ಆಮೇಲೆ ತುದಿ ಹಿಡಿದೆ. ನಾಲ್ಕನೆಯದು ಸರಿ ಬಂದಿದೆ. ಕೆಲಸದ ಪೀಸು ನೋಡುವಂತೆ ಮೂರು ಸಲ ನೋಡಿದೆ, ಎಲ್ಲೂ ತಪ್ಪಿಲ್ಲ. ಸ್ಪರ್ಧೆಗೆ ಇದೇ. ಇದಕ್ಕೆ ಮಾತ್ರ ಯಾರೂ ಕೈ ಹಚ್ಚಬಾರದು.

ಜನವರಿ 27

ಏಳೂವರೆಗೆ ಹಾಕಿದೆ. ಏಳು ಮೂವತ್ತನಾಲ್ಕು — ಒಂದು.

ಮೈ ಉರಿದುಹೋಯಿತು. ಎರಡು ನಿಮಿಷ ಬಿಟ್ಟು ರೂಪೇಶನ ಕಾಮೆಂಟು: "ಸೂಪರ್ ಅಕ್ಕ. ದಿಬ್ಬದ ಗೆರೆ ಸ್ವಲ್ಪ ಓರೆ." ಇವನು ರಾಬರ್ಟ್‌ಸನ್‌ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿಯವನು, ಮೂವತ್ತು ವರ್ಷ ಇರಬೇಕು, ಬಳಗದಲ್ಲಿ ಯಾವಾಗಲೂ ಮೊದಲ ಮೂರರೊಳಗೆ. ದಿಬ್ಬ ಓರೆಯಂತೆ. ದಿಬ್ಬವನ್ನು ಲೆವೆಲ್ ಇಟ್ಟು ಸುರಿದಿದ್ದಾರಾ. ಇವನ ಫೋಟೋದಲ್ಲಿ ಆಕಾಶ ಯಾವಾಗ ನೋಡಿದರೂ ಕಿತ್ತಳೆ ಹಣ್ಣು. ಅದಕ್ಕೆ ಕೆಳಗೆ ಮೂವತ್ತು ಜನ ವಾವ್, ಬೆಂಕಿ, ಕಿರೀಟ.

ಪ್ರತಿ ಸಲದ ಸ್ಕ್ರೀನ್‌ಶಾಟ್ ಇಟ್ಟಿದ್ದೆ. ತೆಗೆದು ನೋಡಿದೆ. ಏಳು ಫೋಟೋ, ಏಳು ಒಂದು. ಏಳು ಸಲವೂ ಆ ಹೊತ್ತಿಗೆ ಹೆಸರಿನ ಪಕ್ಕ ಆನ್‌ಲೈನಿನ ಹಸಿರು ಚುಕ್ಕೆ ಇದ್ದ ಸದಸ್ಯ ಒಬ್ಬನೇ. ರೂಪೇಶ.

ಫೆಬ್ರವರಿ 1, ಶನಿವಾರ

ಅಂಗಡಿಗೇ ಹೋದೆ. ಯಾರದೋ ಫೋನಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ.

"ಬನ್ನಿ ಅಕ್ಕಾ, ಕೂತ್ಕೊಳ್ಳಿ."

"ಕೂರಕ್ ಬಂದಿಲ್ಲ. ನಂಗೆ ಒಂದ್ ಹಾಕ್ತಿರೋನು ನೀನೇನಾ?"

"ನಾನ್ಯಾಕಕ್ಕಾ ಆಕ್ಲಿ? ಇಷ್ಟ ಆಗ್ದಿದ್ರೆ ಬಾಯ್ಬಿಟ್ಟೇ ಏಳ್ತೀನಲ್ಲ. ಓರೆ ಅಂದ್ನಲ್ಲ."

"ಬಾಯಲ್ಲಿ ಸೂಪರ್ ಅನ್ನೋದು, ಕೈಯಲ್ಲಿ ಒಂದ್ ಒತ್ತೋದು."

"ನಮ್ಮವ್ವನಾಣೆ ಇಲ್ಲಕ್ಕಾ. ಆ ನೀರಿನ್ ಕೊಡದ ಫೋಟೋಗೆ ನಾನು ಐದ್ ಆಕಿದೀನಿ."

ಫೋನ್ ರಿಪೇರಿಗೆ ಬಂದಿದ್ದ ಇಬ್ಬರು ನನ್ನನ್ನೇ ನೋಡುತ್ತಿದ್ದರು. ಹೊರಟು ಬಂದೆ. ಆಣೆ ಇಡುವವರನ್ನು ನಾನು ಮೊದಲೇ ನಂಬುವುದಿಲ್ಲ. ಮಷಿನ್ ಶಾಪಿನವರೂ ಕೆಟ್ಟ ಪಿನ್ ತಂದಾಗಲೇ ಆಣೆ ಇಡುವುದು.

ಫೆಬ್ರವರಿ 2, ಭಾನುವಾರ

ರೂಪೇಶ ಸ್ಪರ್ಧೆಗೆ ಹಾಕಿದ್ದಾನೆ. ನಮ್ಮೂರಿನ ಮೈಸೂರು ಮೈನ್ಸ್ ಗಣಿಯ ಮುಚ್ಚಿದ ಗೇಟು. ಅದರ ಕೆಳಗಿನ ಸಂದಿಯಲ್ಲಿ ಕುರಿಗಳು ನುಗ್ಗುತ್ತಿವೆ. ಕೊನೆಯ ಕುರಿ ಅರ್ಧ ಒಳಗೆ ಹೋಗಿ ಸಿಕ್ಕಿಕೊಂಡು ತಿರುಗಿ ನೋಡುತ್ತಿದೆ. ಈ ಸಲ ಕಿತ್ತಳೆ ಆಕಾಶ ಇಲ್ಲ. ಒಳ್ಳೆಯ ಫೋಟೋ. ಇದನ್ನು ಯಾರೂ ಓದುವುದಿಲ್ಲವಾದ್ದರಿಂದ ಬರೆಯುತ್ತೇನೆ... ನನ್ನದಕ್ಕಿಂತ ಒಂದು ಕೂದಲಿನಷ್ಟು ಹೆಚ್ಚೇ.

ಒಂದು ಒತ್ತಿದೆ. ಇವರ ಫೋನಿನಿಂದ ಇನ್ನೊಂದು. ಕ್ಯಾಂಟೀನಿನ ಇಬ್ಬರಿಗೆ ಲಿಂಕ್ ಕಳಿಸಿ ಹೇಳಿದೆ, ಇನ್ನೆರಡು ಬಿತ್ತು.

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸುಳ್ಳು ಅಂಕ. ಅವನು ಏಳು ಸಲ ಮಾಡಿದ್ದನ್ನು ನಾನು ನಾಲ್ಕು ಸಲ ಮಾಡಿದೆ, ಅಷ್ಟೆ.

ಫೆಬ್ರವರಿ 8, ಶನಿವಾರ

ಮೂರ್ತಿ ಮೇಷ್ಟ್ರಿಗೆ ಸ್ಕ್ರೀನ್‌ಶಾಟ್‌ಗಳನ್ನೆಲ್ಲ ಕಳಿಸಿದೆ. ಬಳಗ ನಡೆಸುವವರು ಅವರೇ, ಬಂಗಾರಪೇಟೆಯ ಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ನೋಡೋಣ ಅಮ್ಮ, ವಿಚಾರಿಸೋಣ ಅಂದರು. ವಿಚಾರಿಸುವುದೇನು. ಸೈಟಿನ ಮಾತುಕತೆ ಪುಟದಲ್ಲೇ, ಇನ್ನೂರು ಜನರ ಮುಂದೆ, ಅವನ ಹೆಸರು ಹಾಕಿ "ಇವನೇ ಕಳ್ಳ" ಅಂತ ಬರೆದೆ. ಮಧ್ಯಾಹ್ನದೊಳಗೆ ಎಲ್ಲರೂ ಅವನ ಮೇಲೆ ಬಿದ್ದರು. ನನಗೂ ಒಂದು ಬಿದ್ದಿತ್ತು, ನನಗೂ ಬಿದ್ದಿತ್ತು ಅಂತ. ಕಿರೀಟ ಕಳಿಸುತ್ತಿದ್ದವರೇ ಮೊದಲು ಕಲ್ಲು ತೂರಿದರು.

ಐದೂವರೆಗೆ ಮೇಷ್ಟ್ರು ಅವನನ್ನು ಬಳಗದಿಂದ ತೆಗೆದರು. ಲಾಗಿನ್ ಬಂದ್. ಕುರಿ ಫೋಟೋ ಸ್ಪರ್ಧೆಯಿಂದ ಹೊರಗೆ. ಹೋಗುವ ಮೊದಲು ಒಂದೇ ಸಾಲು ಬರೆದ: "ಅಕ್ಕ, ನೀವು ಇನ್‌ಸ್ಪೆಕ್ಷನ್‌ನವರು. ಚೆಕ್ ಮಾಡಿ ಹೇಳಿದ್ದಾ?"

ಕಳ್ಳನಿಗೆ ಎಂಥ ಉತ್ತರ.

ಫೆಬ್ರವರಿ 9, ಭಾನುವಾರ

ಮಟನ್ ಸಾರು ಮಾಡಿದೆ. ಸೆಲ್ವಿಗೂ ಒಂದು ಬಟ್ಟಲು ಕೊಟ್ಟು ವಿಷಯ ಹೇಳಿದೆ. ಅವಳಿಗೆ ಖುಷಿಯಾಗಲಿಲ್ಲ.

"ಪಾವಂ ಅಕ್ಕಾ ಅವ್ನು. ನಮ್ ಫೋನು ನೀರಲ್ಲಿ ಬಿದ್ದಾಗ ಅವ್ನೇ ಸರಿ ಮಾಡ್ಕೊಟ್ಟಿದ್ದು."

"ಫೋನ್ ಸರಿ ಮಾಡಿದ್ರೆ ಬುದ್ಧಿ ಸರಿ ಇರ್ತೈತಾ?" ಅಂದೆ. ಬಟ್ಟಲು ತೊಳೆದು ಕೊಟ್ಟು ಒಳಗೆ ಹೋದಳು.

ಏಳೂವರೆಗೆ ಒಂದು ಫೋಟೋ ಹಾಕಿದೆ. ಏನೂ ಅಲ್ಲ, ಸುಮ್ಮನೆ, ತಂತಿಯ ಮೇಲಿನ ಕಾಗೆ. ನೆಮ್ಮದಿಯಾಗಿ ಒಂದು ಫೋಟೋ ಹಾಕಿ ಎಷ್ಟು ದಿನವಾಗಿತ್ತು.

ಏಳು ಮೂವತ್ತನಾಲ್ಕು. ಒಂದು.

ರೂಪೇಶನ ಲಾಗಿನ್ ಬಂದ್ ಆಗಿ ಇಪ್ಪತ್ತಾರು ಗಂಟೆ.

ಫೆಬ್ರವರಿ 15

ಆರು ದಿನ ಬರೆಯಲಿಲ್ಲ. ಏನು ಬರೆಯುವುದು. ಬೇರೆ ಹೆಸರಲ್ಲಿ ಬಂದಿರಬಹುದು. ಗೆಳೆಯರ ಕೈಲಿ ಹಾಕಿಸಿರಬಹುದು — ನಾನು ಹಾಕಿಸಲಿಲ್ಲವಾ. ಹೀಗೆ ಹೇಳಿಕೊಂಡೇ ಆರು ದಿನ ಕಳೆದೆ. ಮೂರ್ತಿ ಮೇಷ್ಟ್ರಿಗೆ ತಿಳಿಸಲಿಲ್ಲ. ತಿಳಿಸಿದರೆ ಕುರಿ ವಾಪಸ್ ಬರುತ್ತದೆ. ನಾನು ಈಗ ಹದಿಮೂರನೆಯವಳು. ಒಂದೇ ಒಂದು ಮೆಟ್ಟಿಲು ಬಾಕಿ.

ಫ್ಯಾಕ್ಟರಿಯಲ್ಲಿ ಇಂದು ಅದೇ ಪಿನ್ನುಗಳನ್ನು ಎರಡೆರಡು ಸಲ ಅಳೆದೆ. ಮಷಿನ್ ಶಾಪಿನವನು "ಯಾಕ್ ಮೇಡಂ, ಡೌಟಾ?" ಅಂದ. ನಿನ್ನ ಕೆಲಸ ನೋಡ್ಕೋ ಅಂತ ಗದರಿದೆ.

ಫೆಬ್ರವರಿ 22, ಶನಿವಾರ

ಬಂಗಾರಪೇಟೆ. ಮೊದಲ ಇಪ್ಪತ್ತು ಜನ ಒರಿಜಿನಲ್ ಫೈಲು ತಂದುಕೊಡಿ ಅಂದಿದ್ದರು ಮೇಷ್ಟ್ರು. ಕೊಟ್ಟು, ಟ್ರೈನಿಗೆ ಇನ್ನೂ ಹೊತ್ತಿತ್ತು ಅಂತ ಸ್ಟೇಷನ್ ಹಿಂದಿನ ಸೊಣ್ಣಪ್ಪನವರ ಮನೆಗೆ ಹೋದೆ. ಎಪ್ಪತ್ತು ದಾಟಿತು. ಅಂಗಿ ಜೇಬಿನಲ್ಲಿ ಈಗಲೂ ಪೆನ್ನು, ಸಣ್ಣ ಸ್ಕೇಲು.

"ಬಾಮ್ಮಾ ಅಂಬಿಕಾ. ನಿನ್ ಫೋಟೋ ಒಂದೂ ಬಿಟ್ಟಿಲ್ಲ ನಾನು. ಮೊಮ್ಮಗ್ಳು ಫೋನಲ್ಲಿ ಬೆಲ್ ಇಟ್ಕೊಟ್ಟವ್ಳೆ. ನೀನ್ ಆಕಿದ್ ತಕ್ಷಣ ಒಡ್ಕೊಳ್ತದೆ."

ಫೋನ್ ತೆಗೆದು ತೋರಿಸಿದರು. ನಮ್ಮ ಬಳಗದ ಸೈಟು.

"ಸುಮ್ನೆ ಒತ್ತಲ್ಲ. ಕನ್ನಡ್ಕ ಆಕ್ಕೊಂಡು, ದೊಡ್ದು ಮಾಡಿ, ನಾಕೂ ಮೂಲೆ ನೋಡ್ತೀನಿ. ಮೂರ್ ನಾಕ್ ನಿಮಿಷ ಇಡೀತದೆ."

"ಎಷ್ಟ್ ಹಾಕ್ತೀರಣ್ಣಾ?"

"ಒಂದು. ಎಲ್ಲಾದ್ಕೂ ಒಂದೇ. ಆ ನೀರಿನ್ ಕೊಡದ ಫೋಟೋ ಐತಲ್ಲ, ಒಂದಕ್ಕಿಂತ ಮೇಲೆ ಏನಾರ ಇದ್ದಿದ್ರೆ ಅದ್ನೇ ಆಕ್ತಿದ್ದೆ."

ನಮ್ಮ ಸೆಕ್ಷನ್ನಿನಲ್ಲಿ ಒಂದು ಅಂದರೆ ಒಂದಿಷ್ಟೂ ತಪ್ಪಿಲ್ಲ, ನೇರ ಅಸೆಂಬ್ಲಿಗೆ. ಎರಡು ಅಂದರೆ ಪಾಸು. ಐದು ಅಂದರೆ ಸ್ಕ್ರ್ಯಾಪ್. ಮೂವತ್ತೈದು ವರ್ಷ ಅದನ್ನೇ ಬರೆದ ಕೈ ಅದು. ನನ್ನ ಕೈ ಕೂಡ ದಿನಾ ಅದನ್ನೇ ಬರೆಯುತ್ತದೆ. ಇಡೀ ಬಳಗದಲ್ಲಿ ಈ ತಪ್ಪು ಹಿಡಿಯಬೇಕಾಗಿದ್ದವಳು ನಾನೊಬ್ಬಳೇ. ಲಿಂಕ್ ಕಳಿಸಿದವಳೂ ನಾನೇ. ಲಿಂಕಿನಿಂದ ಬಂದವರಿಗೆ ಹಸಿರು ಚುಕ್ಕೆ ಇರುವುದಿಲ್ಲ. ನನಗೆ ತೋಚಲಿಲ್ಲ, ಯಾಕೆಂದರೆ ನನಗೆ ಕಳ್ಳನೇ ಬೇಕಾಗಿದ್ದ.

"ಸರ್ವೀಸಲ್ಲಿದ್ದಾಗ ನಿಂಗೆ ಒಂದ್ ಕೊಡ್ನಿಲ್ಲ," ಅಂದರು. "ಕೊಟ್ರೆ ತಲೆಗೇರ್ತದೆ ಅಂತ. ಅದು ಮನ್ಸಲ್ಲೇ ಕುಂತಿತ್ತಮ್ಮಾ." ಆಮೇಲೆ ನಗುತ್ತಾ, "ಆ ರಿಪೇರಿ ಅಂಗ್ಡಿಯೋನು ನಿಂದು ಓರೆ ಅಂದಿದ್ನಲ್ಲ, ಅವುನ್ ಕುರಿಗೆ ಐದ್ ಆಕ್ದೆ. ಓಗ್ಲಿ ಸ್ಕ್ರ್ಯಾಪ್‌ಗೆ."

ಕಾಫಿ ಮಾಡಲು ಒಳಗೆ ಹೋದರು. ಫೋನು ನನ್ನ ಕೈಯಲ್ಲಿ. ಸೆಲ್ವಿಯ ಕೊಡದ ಫೋಟೋ, ಕೆಳಗೆ ಒಂದರ ಗುಂಡಿ ಹಸಿರಾಗಿತ್ತು. ನಾಳೆ ಆರರವರೆಗೆ ಅಂಕ ಬದಲಾಯಿಸಬಹುದು. ಐದು ಒತ್ತಿದರೆ ಹನ್ನೆರಡಕ್ಕೆ ಏರುತ್ತೇನೆ. ಬೆರಳು ಹೋಯಿತು. ಒತ್ತಲಿಲ್ಲ. ಹನ್ನೆರಡು ವರ್ಷ ಆ ಮನುಷ್ಯನ ಪಕ್ಕದಲ್ಲಿ ನಿಂತು ಒಂದು ಬೀಳಲಿ ಅಂತ ಕಾದಿದ್ದೆ. ಎಂಟು ಸಲ ಬಿತ್ತು. ಎಂಟು ಸಲವೂ ಶಾಪ ಹಾಕಿದೆ.

ಕಾಫಿ ಕೊಡುತ್ತಾ ಕೇಳಿದರು, "ಗೆಲ್ತೀಯಲ್ಲಮ್ಮಾ?"

"ಗೆಲ್ತೀನಣ್ಣಾ," ಅಂದೆ.

ಫೆಬ್ರವರಿ 23, ಭಾನುವಾರ, ಸಂಜೆ 5.10

ಮೇಷ್ಟ್ರಿಗೆ ಫೋನ್ ಮಾಡಿದೆ. ರೂಪೇಶ ಅಲ್ಲ ಅಂದೆ.

"ಮತ್ಯಾರಮ್ಮಾ? ಇನ್ನೂರು ಜನರ ಮುಂದೆ ಅವನನ್ನ ಕಳ್ಳ ಅಂದವರು ನೀವು. ಅದೇ ಪುಟದಲ್ಲಿ ಯಾರು ಅಂತ ಬರೀರಿ. ಬರೀ ತಪ್ಪಾಯ್ತು ಅಂದ್ರೆ ಯಾರೂ ನಂಬಲ್ಲ, ಅವನ ಮೇಲೆ ಅನುಮಾನ ಹಂಗೇ ಉಳೀತದೆ. ಆರರೊಳಗೆ ಬರೆದ್ರೆ ಕುರಿ ಫೋಟೋ ವಾಪಸ್ ಹಾಕ್ತೀನಿ."

ಹಾಕಲಿ. ನಾನು ಹದಿನಾಲ್ಕಕ್ಕೆ ಇಳಿಯುತ್ತೇನೆ, ಅದಕ್ಕೆ ನಾನೇ ಯೋಗ್ಯಳು. ಆದರೆ ಇಲ್ಲಿಯವರೆಗೆ ಫೋಟೋ ಬಿಟ್ಟು ಬೇರೆ ಪುಟ ತೆರೆಯದ ಸೊಣ್ಣಪ್ಪನವರೂ ತಮ್ಮ ಹೆಸರು ಬಂದರೆ ಆ ಪುಟವನ್ನು ಓದುತ್ತಾರೆ. ಕನ್ನಡಕ ಹಾಕಿಕೊಂಡು, ದೊಡ್ಡದು ಮಾಡಿ. ಅವರ ಹೆಸರಿನ ಕೆಳಗೆ ಇನ್ನೂರು ಜನ ನಗುವುದನ್ನೂ ಓದುತ್ತಾರೆ. ನನ್ನ ಫೋಟೋಗೆ ನಾನೇ ಒಂದು ಹಾಕಿಕೊಂಡೆ ಅಂತ ಬರೆಯಲಾ ಅಂದುಕೊಂಡೆ. ಅದು ಇನ್ನೊಂದು ಸುಳ್ಳು ಅಂಕ. ರೂಪೇಶನ ಹೆಸರು ಇನ್ನೊಂದು ಸುಳ್ಳಿನಿಂದ ಶುದ್ಧವಾಗುವುದು ಬೇಡ.

5.52

ಮೊದಲು ಇಲ್ಲಿ ಬರೆದು ನೋಡುತ್ತೇನೆ.

ರೂಪೇಶ, ತಪ್ಪು ನನ್ನದು. ಚೆಕ್ ಮಾಡದೆ ಹೇಳಿದೆ. ನಿನ್ನ ಕುರಿಗೆ ನಾಲ್ಕು ಸುಳ್ಳು ಅಂಕ ಹಾಕಿದ್ದೂ ಹಾಕಿಸಿದ್ದೂ ನಾನೇ. ನನ್ನ ಫೋಟೋಗಳಿಗೆ ಒಂದು ಹಾಕಿದ್ದು ನೀನಲ್ಲ. ಹಾಕಿದವರಿಗೆ ನನ್ನ ಮೇಲೆ ದ್ವೇಷವೂ ಇರಲಿಲ್ಲ. ನಮ್ಮ ಟೇಬಲ್ಲಿನಲ್ಲಿ ಅದಕ್ಕಿಂತ ದೊಡ್ಡ ಅಂಕ ಇಲ್ಲ. ಹಾಕಿದವರು