ಪೂರ್ತಿ ಭಾರದ ಸ್ಟೀರಿಂಗು

ಮಾರ್ಚ್ ೧೨, ಗುರುವಾರ

ಮೂರನೇ ಕ್ಲಾಸಿಗೇ ಬಿಟ್ಟ ಬರವಣಿಗೆಯನ್ನು ಈ ವಯಸ್ಸಿನಲ್ಲಿ ದಿನಾ ಮಾಡು ಅನ್ನುತ್ತಾಳೆ ಡಾಕ್ಟರಮ್ಮ. ಲಕ್ವ ಹೊಡೆದ ಬಲಗೈ ಪಳಗಬೇಕಂತೆ. ಪಳಗಿಸಲು ಇದೇನು ಕುದುರೆಯೇ?

ಅದಕ್ಕೇ ಮಗಳು ಕಂಪ್ಯೂಟರಿನಲ್ಲಿ ಆಡುವ ರೇಸಿನ ಆಟದ ಸ್ಟೀರಿಂಗನ್ನು ಮೇಜಿಗೆ ಬಿಗಿದುಕೊಟ್ಟಿದ್ದಾಳೆ. ಒಳಗಿನ ಮೋಟಾರು ನಿಜವಾದ ಗಾಡಿಯಂತೆ ಕೈ ಎಳೆಯುತ್ತದೆ. ವಾರದಿಂದ ಚೆನ್ನಾಗಿ ಓಡಿಸಿದೆ, ಮೀಸೆಯನ್ನೂ ತಿರುವಿದೆ. ಇವತ್ತು ಸಂಜೆ ಅನುಮಾನ ಬಂತು.

"ಇದೇನೇ, ಸ್ಟೀರಿಂಗೋ ಪಾತ್ರೆ ಮುಚ್ಚಳವೋ? ಭಾರಾನೇ ಇಲ್ಲ!"

"ಮೋಟಾರಿನ ಜೋರು ಕಾಲು ಭಾಗಕ್ಕೆ ಇಟ್ಟಿದೀನಪ್ಪ. ಕೈ ಉಳುಕೀತು ಅಂತ."

"ರಸ್ತೆ ನನ್ನ ಮುಖ ನೋಡಿ ಮೆತ್ತಗಾಗುತ್ತಾ? ಪೂರ್ತಿ ಏರಿಸು."

ಏರಿಸಿದಳು. ಮೊದಲ ತಿರುವಿನಲ್ಲೇ ಸ್ಟೀರಿಂಗು ಝಾಡಿಸಿ ಒದೆಯಿತು. ಎಡಗೈ ಹಿಡಿದುಕೊಂಡಿತು. ಬಲಗೈ ಜಾರಿ ತೊಡೆಯ ಮೇಲೆ ಬಿತ್ತು. ಬಿದ್ದದ್ದು ನನಗೆ ಗೊತ್ತೇ ಆಗಲಿಲ್ಲ. ಮಗಳು ನೋಡುತ್ತಿದ್ದ ಕಡೆ ನೋಡಿದಾಗ ಕಂಡಿತು.

"ಸ್ವಲ್ಪ ಇಳಿಸ್ಲಾ ಅಪ್ಪ?" ಅಂದಳು. ಗದರಿಬಿಟ್ಟೆ. ಸಿಟ್ಟು ಅವಳ ಮೇಲಲ್ಲ.

ಇಷ್ಟು ವರ್ಷ ನನ್ನ ಲಾರಿ ಓಡಿಸಿದ್ದು ಇದೇ ಕೈ. ಇಪ್ಪತ್ತೊಂದನೇ ತಾರೀಖಿಗೆ ಲಾರಿ ಕೊಳ್ಳುವವನು ಬರುತ್ತಾನೆ. ಕೀಲಿ ಅವನಿಗೆ ಕೊಡಬೇಕೋ, ನನ್ನ ಜೇಬಿನಲ್ಲೇ ಇರಬೇಕೋ? ಸ್ಟೀರಿಂಗು ಪೂರ್ತಿ ಭಾರದಲ್ಲೇ ಇರುತ್ತದೆ, ಇಳಿಸುವುದಿಲ್ಲ. ಬಲಗೈಯೇ, ಹಿಡಿಯುತ್ತೀಯೋ ಇಲ್ಲವೋ? ಇಪ್ಪತ್ತನೇ ತಾರೀಖಿನೊಳಗೆ ಹೇಳು.