ದಪ್ಪ ಕಾಳು, ಸಣ್ಣ ಕಾಳು

ಮಲ್ಲಂದೂರು
೨೮ ಏಪ್ರಿಲ್ ೨೦೦೧

ಮಗಳೇ ಗಗನಾ,

ಮೂಡಿಗೆರೆಯಲ್ಲಿ ನೀನೂ ಅಳಿಯಂದಿರೂ ಸುಖವಾಗಿರಿ ಎಂದು ನಿನ್ನ ಅಮ್ಮನ ಆಶೀರ್ವಾದ. ನಾವೂ ಇಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯುವುದು ವಾಡಿಕೆ. ಚೆನ್ನಾಗಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಅದು ನಡುಮನೆಯಲ್ಲಿದೆ, ನಿನ್ನ ಅಣ್ಣ ಪೇಪರ್ ಹಿಡಿದು ಅಲ್ಲೇ ಕೂತಿರುತ್ತಾನೆ. ಪೇಪರ್ ಓದುತ್ತಾನೋ, ನನ್ನ ಮಾತಿಗೆ ಕಿವಿ ಕೊಡುತ್ತಾನೋ, ಯಾರಿಗೆ ಗೊತ್ತು! ಅದಕ್ಕೇ ಈ ಕಾಗದ. ನೀನೊಬ್ಬಳೇ ಓದು. ನಿನ್ನ ಅತ್ತೆಯ ಕೈಗೆ ಸಿಗದ ಹಾಗೆ ನೋಡಿಕೋ.

ನಿನ್ನ ಅತ್ತಿಗೆ ಸೌಂದರ್ಯ ಯುಗಾದಿಗೂ ಬರಲಿಲ್ಲ. ಕಳಸಕ್ಕೆ, ತವರಿಗೆ ಹೋದವಳು ಹೋದಳು. ನಿನ್ನ ಅಣ್ಣ ಕರೆಯಲು ಹೋಗಿ ಒಬ್ಬನೇ ಬಸ್ಸಿಳಿದ. ಅತ್ತೆ ಕರೆದರೆ ಬರುತ್ತೇನೆ ಎಂದಳಂತೆ. ಅವನು ನನ್ನ ಹತ್ತಿರ ಮಾತು ಬಿಟ್ಟಿದ್ದಾನೆ, ತಟ್ಟೆಯ ಮುಂದೆ ಮುಖ ಕೆಳಗೆ ಹಾಕಿಕೊಂಡು ಉಂಡು ಏಳುತ್ತಾನೆ. ಹೀಗೇ ಬಿಟ್ಟರೆ ಅವಳು ಬರುವುದಿಲ್ಲ, ಇವನೂ ಉಳಿಯುವುದಿಲ್ಲ. ತವರಿಗೆ ಕದ್ದು ಸಾಗಿಸುವವಳನ್ನು ಕರೆಯುವುದೇ ಬೇಡ ಎಂದು ನೀನು ಹಿಂದಿನ ಕಾಗದದಲ್ಲಿ ಬರೆದಿದ್ದೆ. ಆ ಸಾಲನ್ನು ಮತ್ತೆ ಮತ್ತೆ ಓದಿದೆ.

ನಮ್ಮ ಚಪ್ಪರದವರೆಯ ಬೀಜ ನಿನ್ನ ಅಜ್ಜಿಯ ಕಾಲದ್ದು. ನಾನು ಈ ಮನೆಗೆ ಬಂದಾಗ ಅವರು ಕಲಿಸಿದ್ದು ಇಷ್ಟೇ, ದಪ್ಪ ಕಾಳು ಬೀಜಕ್ಕೆ, ಸಣ್ಣದು ಸಾರಿಗೆ. ಒಂದೇ ಕಾಯಿ ಬಿಡಿಸಿದರೂ ನಡುವಿನದು ದಪ್ಪ ಇರುತ್ತದೆ, ತುದಿಯದು ಸಣ್ಣ. ಕೂತು ಒಂದೊಂದನ್ನೇ ಬೇರೆ ಮಾಡಬೇಕು. ಸೌಂದರ್ಯ ಅದಕ್ಕೂ ಅಡ್ಡ ಬಂದಳು. ಅವರ ಮನೆಯಲ್ಲಿ ಬಳ್ಳಿ ನೋಡಿ ಬೀಜ ಆರಿಸುತ್ತಾರಂತೆ, ಒಳ್ಳೆಯ ಬಳ್ಳಿಯದ್ದಾದರೆ ದಪ್ಪ ಸಣ್ಣ ಎರಡನ್ನೂ ಬೆರೆಸಿ ಇಡುತ್ತಾರಂತೆ. ದಪ್ಪದ್ದು ಜೋರಾಗಿ ಹುಟ್ತದೆ ಅತ್ತೆ, ಆದ್ರೆ ಎಲ್ಲರ ಕಣ್ಣೂ ಅದರ ಮೇಲೇ, ಸಣ್ಣದೂ ಇರ್ಲಿ, ಒಂದು ಹೋದ್ರೆ ಇನ್ನೊಂದು ಇರ್ತದೆ ಅಂದಳು. ನಿನ್ನೆ ಮೊನ್ನೆ ಬಂದವಳು ನನಗೆ ಬೀಜದ ಪಾಠ ಹೇಳುವುದೇ? ನನಗೆ ಅವಳ ಮೇಲೆ ಅನುಮಾನ ಹುಟ್ಟಿದ್ದು ಅವತ್ತೇ.

ಸಂಕ್ರಾಂತಿಗೆ ನೀನು ಬಂದಾಗ ಕಾಫಿ ಕಣದ ಮೂಲೆಯಲ್ಲಿ ಎರಡು ಮೊರ ಒಣಗುತ್ತಿದ್ದವಲ್ಲ, ಒಂದರಲ್ಲಿ ದಪ್ಪ, ಇನ್ನೊಂದರಲ್ಲಿ ಸಣ್ಣ. ನಿನ್ನ ಚೀಲಕ್ಕೆ ಹಪ್ಪಳ ತುಂಬಿ ಕಳಿಸಿದ ದಿನವೇ ದಪ್ಪದ ಮೊರ ಸ್ವಲ್ಪ ಇಳಿದಿತ್ತು. ಆಮೇಲೂ ದಿನದಿನಕ್ಕೆ ಇಳಿಯುತ್ತಲೇ ಹೋಯಿತು. ಸಣ್ಣದರ ಮೊರ ಮಾತ್ರ ಹಾಗೇ ಇತ್ತು. ನಮ್ಮ ಮೇಸ್ತ್ರಿ ಕೆಂಚಯ್ಯ, ಇಲಿ ಇರ್ಬೋದು ಅಮ್ಮಾ ಎಂದ. ಇಲಿ ಆರಿಸಿಕೊಂಡು ತಿನ್ನುತ್ತದೇನೋ ಮಾರಾಯ ಎಂದು ಬೈದೆ. ಇವನು ಯಾಕೆ ಇಲಿಯ ಹೆಸರು ಹೇಳುತ್ತಾನೆ ಎಂದು ಅವನ ಮೇಲೂ ಒಂದು ಕಣ್ಣಿಟ್ಟೆ. ಕೊನೆಗೆ ಪರೀಕ್ಷೆ ಮಾಡೋಣವೆಂದು ಎರಡನ್ನೂ ಬೆರೆಸಿ ಒಂದೇ ಮೊರದಲ್ಲಿ ಹರವಿದೆ. ಬೆಳಿಗ್ಗೆ ನೋಡಿದರೆ ದಪ್ಪದ್ದನ್ನಷ್ಟೇ ಹೆಕ್ಕಿ ಒಯ್ದಾಗಿತ್ತು. ಒಂದು ಸಿಪ್ಪೆ ಕೂಡ ಬಿದ್ದಿರಲಿಲ್ಲ. ಹೆಕ್ಕುವುದು ಮನುಷ್ಯರ ಕೈಯ ಕೆಲಸ, ಅದೂ ಬೀಜದ ಬೆಲೆ ಗೊತ್ತಿದ್ದವರ ಕೈ ಎಂದು ತೀರ್ಮಾನ ಮಾಡಿಬಿಟ್ಟೆ.

ಅಷ್ಟರಲ್ಲಿ ಸೌಂದರ್ಯಳ ಅಣ್ಣನ ಮಗುವಿನ ನಾಮಕರಣ ಬಂತು. ಅವನು ಜೀಪು ತಂದು ಅಂಗಳದಲ್ಲಿ ನಿಂತಿದ್ದ. ಅವನೆದುರಿಗೇ ನಾನು ಅವಳ ಚೀಲಕ್ಕೆ ಕೈ ಹಾಕಿದೆ. ಸೀರೆಯ ಮಡಿಕೆಯೊಳಗೆ ಒಂದು ಗಂಟು ಸಿಕ್ಕಿತು. ಬಿಚ್ಚಿದರೆ ಅವರೆಯೇ, ಆದರೆ ಸಣ್ಣ ಕಾಳು. ಸಾರಿಗೆಂದು ಡಬ್ಬಕ್ಕೆ ಹಾಕಿದ್ದರಲ್ಲಿ ಒಂದು ಹಿಡಿ ತಗೊಂಡೆ ಅತ್ತೆ, ಅಮ್ಮನ ಹಿತ್ತಲಿಗೆ ಎಂದಳು. ಸಣ್ಣದನ್ನು ಕದ್ದವಳು ದಪ್ಪದ್ದನ್ನು ಬಿಟ್ಟಾಳೆಯೇ ಎಂದು ನಾನು ಆಳುಗಳಿಗೂ ಕೇಳುವಂತೆ ಅಂದೆ. ಅವಳು ಅಳಲಿಲ್ಲ. ಗಂಟು ಕಟ್ಟಿಕೊಂಡು ಜೀಪು ಹತ್ತಿದಳು. ಅಳಲಿಲ್ಲವಲ್ಲ, ಇವಳೇ ಕಳ್ಳಿ ಎಂದುಕೊಂಡೆ ನೋಡು.

ಯುಗಾದಿಯ ಹೊತ್ತಿಗೆ ಹೂಮಳೆ ಬಂತು. ವಾರ ಬಿಟ್ಟು, ಕಾಫಿ ಹೂ ಹೇಗೆ ಕಟ್ಟಿದೆ ಎಂದು ನೋಡಲು ಕಣದ ಕೆಳಗಿನ ತೋಟಕ್ಕೆ ಇಳಿದೆ. ಕಲ್ಲುಗೋಡೆಯ ಬುಡದಲ್ಲಿ, ಒಂದೇ ತೂತಿನಿಂದ, ಹಿಡಿಹಿಡಿ ಅವರೆ ಸಸಿ ನುಗ್ಗಿ ಬಂದಿದ್ದವು. ಕತ್ತಿಯಲ್ಲಿ ಅಗೆದೆ. ಇಲಿಯ ಬಿಲ. ಒಳಗೆ ಇನ್ನೂ ಮೊಳೆಯದ ಕಾಳುಗಳಿದ್ದವು, ಎಲ್ಲ ದಪ್ಪದ್ದೇ, ಒಂದನ್ನೂ ಬಿಡದೆ ಕೊರೆದಿಟ್ಟದ್ದು. ಅಷ್ಟು ದೂರ ಹೊತ್ತು ತರುವ ಕಷ್ಟಕ್ಕೆ ತಕ್ಕದ್ದನ್ನೇ ಇಲಿ ಆರಿಸಿದೆ, ಹಾಳಾದ್ದು! ನಾನು ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟೆ. ನಾಚಿಕೆಯಾಯಿತು ಗಗನಾ. ಇಲಿಗೆ ಯಾರಾದರೂ ಹೇಳಿಕೊಟ್ಟಿರಬಹುದೇ ಎಂದು ಒಂದು ಗಳಿಗೆ ಅನ್ನಿಸಿತು, ನನ್ನ ಬುದ್ಧಿ ಅಂಥದ್ದು.

ಆಮೇಲೆ ಮಳೆ ಬರಲಿಲ್ಲ. ಒತ್ತೊತ್ತಾಗಿ ಹುಟ್ಟಿದ ಸಸಿಗಳೆಲ್ಲ ಬಾಡಿದವು. ಕಿತ್ತು ಹಿತ್ತಲಲ್ಲಿ ನೆಟ್ಟದ್ದೂ ಹಿಡಿಯಲಿಲ್ಲ. ಸಣ್ಣ ಕಾಳನ್ನು ನಾವು ಎಂದೋ ಸಾರು ಮಾಡಿ ಉಂಡಾಗಿತ್ತು. ಈಗ ಈ ಮನೆಯಲ್ಲಿ ಬಿತ್ತಲು ಒಂದು ಕಾಳೂ ಇಲ್ಲ. ಇಲಿ ಮುಟ್ಟದ, ನಾನು ಬೇಡವೆಂದ ಆ ಸಣ್ಣ ಕಾಳು ಕಳಸದಲ್ಲಿದೆ. ಬಳ್ಳಿ ಒಂದೇ ಕಾಯಿಯಲ್ಲಿ ಎರಡು ಬಗೆ ಇಟ್ಟದ್ದು ಸುಮ್ಮನೆ ಅಲ್ಲ ಎಂದು ಈಗ ತಲೆಗೆ ಹೋಯಿತು.

ನೀನು ಈ ವಾರವೇ ಕಳಸಕ್ಕೆ ಹೋಗು. ಇಲಿಯ ವಿಷಯ ಹೇಳು, ಅತ್ತೆ ಕರೆಯುತ್ತಿದ್ದಾರೆ ಎಂದು ಹೇಳು. ನಿನ್ನ ಹಿಂದೆಯೇ ನಾನೂ ಬರುತ್ತೇನೆ. ನಾನೇ ಮೊದಲು ಹೋದರೆ, ಬೀಜಕ್ಕೆ ಬಂದಳು ಮುದುಕಿ ಎಂದು ಅವಳಿಗೂ ಅನುಮಾನ ಬಂದೀತು. ಬಂದರೆ ಅವಳ ತಪ್ಪಲ್ಲ.

ಇಂತಿ ನಿನ್ನ ಅಮ್ಮ,
ತುಂಗಮ್ಮ

ತಾ.ಕ.: ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದೆ. ನಿನ್ನನ್ನೇ ಏಕೆ ಕಳಿಸುತ್ತಿದ್ದೇನೆ ಎಂದು ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಸಂಕ್ರಾಂತಿ ಮುಗಿಸಿ ಹೊರಟಾಗ ಹಪ್ಪಳ ಇಡಲೆಂದು ನಿನ್ನ ಚೀಲ ತೆರೆದೆನಲ್ಲ, ತಳದಲ್ಲಿ ನಿನ್ನ ಹಸಿರು ಕರ್ಚೀಫಿನ ಗಂಟಿತ್ತು. ದಪ್ಪ ಕಾಳು. ಮಗಳಲ್ಲವೇ, ತಗೊಳ್ಳಲಿ ಎಂದು ಗಂಟು ಬಿಗಿದು, ಮೇಲೆ ಹಪ್ಪಳ ಇಟ್ಟು ಮುಚ್ಚಿದೆ. ಯಾರಿಗೂ ಹೇಳಲಿಲ್ಲ. ಅದನ್ನು ಇನ್ನೂ ಬಿತ್ತಿಲ್ಲದಿದ್ದರೆ ಕಳಸಕ್ಕೆ ತೆಗೆದುಕೊಂಡು ಹೋಗಿ ಸೌಂದರ್ಯಳ ಕೈಗೆ ಕೊಡು. ಎಲ್ಲಿಂದ ಬಂತೆಂದು ಅವಳ ಅಣ್ಣನೆದುರಿಗೇ ಹೇಳು.